ಎರಡನೆಯ ತಗ್ಗು

"ಇಲ್ಲಿ ಬೆರಳಿಟ್ಟು ನೋಡಿ, ಅಕ್ಕಾ," ಎಂದು ರಿಪೇರಿಯವಳು ಲ್ಯೂಟ್ ಎಂಬ ತಂತಿವಾದ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದಳು. "ತಂತಿ ಕಟ್ಟೋ ಈ ಕುದುರೆ ಪಕ್ಕದಲ್ಲಿ ಒಂದು ತಗ್ಗು. ಕಿರುಬೆರಳು ಊರಿ ಊರಿ ಮರ ಸವೆದಿದೆ."

ವಾದ್ಯ ತಂದವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅದು ಅಪ್ಪನ ವಾದ್ಯ. ಅಪ್ಪನ ಕಿರುಬೆರಳು ನಲವತ್ತು ವರ್ಷ ಊರಿದ್ದ ಜಾಗ. ವಾದ್ಯದ ಕಲ್ಲಂಗಡಿ ಹೋಳಿನಂಥ ಬೆನ್ನು ಬಿರುಕು ಬಿಟ್ಟಿದೆ ಎಂದು ಅವಳು ಹೊತ್ತು ತಂದಿದ್ದು ನೆಪ ಮಾತ್ರ. ಇದನ್ನೂ ತನ್ನ ಲ್ಯೂಟನ್ನೂ ಕಲಿಯುವವರಿಗೆ ಯಾರಿಗಾದರೂ ಕೊಟ್ಟುಬಿಡಿ ಎಂದು ಹೇಳಲು ಬಂದಿದ್ದಳು. ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡು ಬಾಟಲಿಯ ಮುಚ್ಚಳ ತೆಗೆಯುವುದೂ ಕಷ್ಟವಾಗಿತ್ತು. ಹೀಗೇ ನುಡಿಸುತ್ತಿದ್ದರೆ ಬೆರಳು ಮಡಚಲಿಕ್ಕೇ ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನಲವತ್ತೆಂಟನೇ ವಯಸ್ಸಿನಲ್ಲಿ, ಅವಳಿಗೆ ಗೊತ್ತಿದ್ದ ಒಂದೇ ಕೆಲಸ ಕೈಬಿಟ್ಟು ಹೋಗುತ್ತಿತ್ತು.

"ಇಲ್ಲಿ ಇನ್ನೊಂದಿದೆಯಲ್ಲ?" ರಿಪೇರಿಯವಳು ಅವಳ ಬೆರಳನ್ನು ಮೇಲಕ್ಕೆ, ನಾದ ಹೊರಡುವ ತೂತಿನ ಮರದ ಜಾಲರಿಯ ಹತ್ತಿರಕ್ಕೆ ಎಳೆದಳು. ಅಲ್ಲೂ ಒಂದು ತಗ್ಗಿತ್ತು. "ಹೆಬ್ಬೆರಳು ಹೊರಗೆ ಚಾಚಿ ಮೀಟೋರ ಕೈ ಕುದುರೆ ಹತ್ರ ಕೂರುತ್ತೆ. ಅದನ್ನ ಅಂಗೈಯೊಳಕ್ಕೆ ಮಡಚಿ ಮೀಟೋರದು ಇಲ್ಲಿ. ಕುದುರೆ ಪಕ್ಕದ ತಗ್ಗಲ್ಲಿ ಹಳೇ ಕೊಳೆ ಇದೆ, ಇದು ಈಚಿನದು. ಯಾರಿಗಾದ್ರೂ ನುಡಿಸೋಕೆ ಕೊಟ್ಟಿದ್ರಾ?"

"ಅಪ್ಪ ಇದನ್ನ ಯಾರಿಗೂ ಮುಟ್ಟೋಕೂ ಬಿಟ್ಟಿಲ್ಲ."

"ಹಾಗಾದ್ರೆ ಅವರೇ," ಎಂದು ರಿಪೇರಿಯವಳು ಅಂಟಿನ ಡಬ್ಬಿಯ ಮುಚ್ಚಳ ಹಾಕಿದಳು.

ಅಪ್ಪನ ಪಾಠದಲ್ಲಿ ಹೆಬ್ಬೆರಳು ಒಳಗೆ ಹೋಗುವುದೆಂದರೆ ಮಹಾಪರಾಧ. ಅವಳಿಗೆ ಏಳು ವರ್ಷವಿದ್ದಾಗಿನಿಂದ ಹೆಬ್ಬೆರಳ ಸಂದಿಗೆ ಖಾಲಿ ಬೆಂಕಿಪೊಟ್ಟಣ ಸಿಕ್ಕಿಸಿ ನುಡಿಸಲು ಕೂರಿಸುತ್ತಿದ್ದ. ಪೊಟ್ಟಣ ಬಿತ್ತೋ, ಮೊದಲಿನಿಂದ. ಎಷ್ಟೋ ಸಲ ಪಾಠ ಮುಗಿಯುವಷ್ಟರಲ್ಲಿ ಊಟ ಆರಿಹೋಗಿರುತ್ತಿತ್ತು. ಒಳಗೆ ಮಡಚುವವರನ್ನೆಲ್ಲ "ಹೆಬ್ಬೆರಳು ಚೀಪೋ ಕೂಸುಗಳು" ಎಂದು ಆಡಿಕೊಳ್ಳುತ್ತಿದ್ದ. ನುಡಿಸುವುದನ್ನು ನಿಲ್ಲಿಸುವ ಮೊದಲು ಕೆಲವು ವರ್ಷ ಅದೇ ಅಪ್ಪ ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದುದು ಅವಳಿಗೆ ಈಗ ನೆನಪಾಯಿತು. ಸಿಟ್ಟು ನೆತ್ತಿಗೇರಿತು. ಹೇಳಲು ಬಂದ ಮಾತನ್ನು ಹೇಳದೆ, ಬಿರುಕು ಮುಚ್ಚಿದ ವಾದ್ಯವನ್ನು ಹೊತ್ತು ಮನೆಗೆ ಬಂದಳು.

ಅಪ್ಪ ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದ. ಅವಳು ಮಾತಾಡಿಸದೆ ಪಕ್ಕದ ಕೋಣೆಗೆ ಹೋದಳು. ಬಾಗಿಲು ಮಾತ್ರ ಹಾಕಲಿಲ್ಲ. ಕಿರುಬೆರಳನ್ನು ಎರಡನೆಯ ತಗ್ಗಿನಲ್ಲಿಟ್ಟು, ಹೆಬ್ಬೆರಳನ್ನು ತೋರುಬೆರಳ ಹಿಂದಕ್ಕೆ ನುಗ್ಗಿಸಿ ಮೀಟಿದಳು. ತಂತಿ ತಪ್ಪಿತು. ಮತ್ತೆ ಮೀಟಿದಳು. ಮಕ್ಕಳು ತಡವರಿಸಿದಂತೆ ನಾಲ್ಕು ಸ್ವರ ಹೊರಟವು, ಆದರೆ ದುಂಡಗೆ, ಮೆತ್ತಗೆ. ನೋಯಲಿಲ್ಲ.

ಸಿಪ್ಪೆ ಸುಲಿಯುವ ಸದ್ದು ನಿಂತಿತು. ಅಪ್ಪ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದ. ಸದ್ದಿನಲ್ಲೇ ಅವನಿಗೆ ಗೊತ್ತಾಗಿತ್ತು.

"ಯಾಕೆ ಹೇಳಲಿಲ್ಲ, ಅಪ್ಪ?"

"ಎಂಟು ವರ್ಷ ನಿನಗೆ ಪೊಟ್ಟಣ ಹಿಡಿಸಿದ್ದೆ," ಎಂದ ಅಪ್ಪ. "ಬೆರಳು ನೋಯುತ್ತೆ, ಈಗ ನಾನೇ ಒಳಗೆ ಮಡಚ್ತೀನಿ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ನನ್ನ ಬೆರಳು ಹೋಗ್ತಾ ಇದೆ."

ಅಪ್ಪ ಅವಳ ಹೆಬ್ಬೆರಳನ್ನು ಆಗಷ್ಟೇ ನೋಡಿದ. "ನೀನೂ ಒಂದು ದಿನಾನೂ ಹೇಳಲಿಲ್ಲವಲ್ಲ, ಮಗಳೇ."

ನಿಜ, ಹೇಳಿರಲಿಲ್ಲ. ಅಪ್ಪ ಎಲ್ಲಿ ಆಡಿಕೊಳ್ಳುತ್ತಾನೋ ಎಂದು ಹೆದರಿದ್ದಳು. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ನೋವನ್ನು ಬಚ್ಚಿಟ್ಟುಕೊಂಡಿದ್ದರು. ಅವಳಿಗೆ ಸಿಟ್ಟಿನ ಜಾಗದಲ್ಲಿ ಅಳು ಬಂತು, ನುಂಗಿಕೊಂಡಳು.

"ಎಷ್ಟು ದಿನ ಹಿಡೀತು ನಿನಗೆ?"

"ಎರಡು ವರ್ಷ. ಮೊದಲ ಆರು ತಿಂಗಳು ಕಿವಿಗೊಟ್ಟು ಕೇಳೋ ಹಾಗಿರಲಿಲ್ಲ. ಅದಕ್ಕೇ ಬಾಗಿಲು ಹಾಕ್ಕೊಳ್ತಿದ್ದೆ."

ಅಪ್ಪ ಮಣೆ ಎಳೆದುಕೊಂಡು ಕೂತು, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡ. ಸೊಟ್ಟಗಾದ ತನ್ನ ಹೆಬ್ಬೆರಳಿನಿಂದ ಅವಳ ಮಣಿಕಟ್ಟನ್ನು ಒಂದಿಷ್ಟು ಕೆಳಕ್ಕೆ ಒತ್ತಿದ. "ಇಷ್ಟು. ಇನ್ನು ಅದು ತಾನಾಗೇ ಒಳಗೆ ಹೋಗುತ್ತೆ."

ಅವಳು ಶುರುಮಾಡಿದಳು. ಐದನೆಯ ಸ್ವರಕ್ಕೆ ತಪ್ಪಿ, ರೂಢಿಯಂತೆ ಕೈ ಎತ್ತಿ ಅಪ್ಪನ ಮುಖ ನೋಡಿದಳು.

"ಮೊದಲಿನಿಂದಾನಾ?"

"ಬೇಡ," ಎಂದ ಅಪ್ಪ. "ಮುಂದಕ್ಕೆ ಹೋಗು."

ಮಣಿಕಟ್ಟು ಹಿಡಿಯಲು ಅವನು ಇನ್ನೊಮ್ಮೆ ಬಾಗಿದಾಗ ತಟ್ಟೆ ವಾಲಿತು. ಬಟಾಣಿ ಒಂದೊಂದಾಗಿ ನೆಲಕ್ಕೆ ಬಿದ್ದು, ಮಂಚದ ಕೆಳಗೆ ಉರುಳಿಹೋಯಿತು. ಇಬ್ಬರೂ ಆ ಕಡೆ ನೋಡಲಿಲ್ಲ.