ಎಂಜಿನ್ ಚೆನ್ನಾಗಿದೆ

ಮನುಷ್ಯರ ವಿಷಯದಲ್ಲಿ ನಾನು ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಎಂಜಿನ್ ವಿಷಯದಲ್ಲಿ ಒಂದೂ ಹೇಳಿಲ್ಲ. ಅಪ್ಪನ ಕಾಲದಿಂದ ನಮ್ಮ ಗ್ಯಾರೇಜಿಗೆ ಇರುವ ಹೆಸರು ಅದೊಂದೇ. ಆ ಹೆಸರು ನನ್ನ ತಲೆಗೇರಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅರ್ಧ ಕಾರಣ ಅದೇ.

ಅಕ್ಕನ ಗಂಡ, ಅಂದರೆ ನನ್ನ ಭಾವನದು, ಹದಿನೆಂಟು ವರ್ಷ ಹಳೆಯ ಟ್ಯಾಕ್ಸಿ. ಎದುರಿಗೆ ಅವನಿಗೆ ಬಹುವಚನ ಹಚ್ಚುತ್ತಿದ್ದೆ, ಇಲ್ಲಿ ಏಕವಚನವೇ ಸಾಕು. ರಾತ್ರಿಯೆಲ್ಲ ಓಡಿಸಿ ಹಗಲು ನಾಲ್ಕರವರೆಗೆ ಮಲಗುವವನು. ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಕೊಡುತ್ತಿದ್ದ ಕಾರು ಎರಡು ತಿಂಗಳಿಂದ ಹತ್ತಕ್ಕೆ ಇಳಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಕಾರು ಪೆಟ್ರೋಲ್ ಕುಡಿದದ್ದಕ್ಕೆ ಪೆಟ್ಟು ತಿಂದವಳು ಅಕ್ಕ. ಅವಳು ಕದ್ದು ಮಾರುತ್ತಾಳೆ ಎಂದು ಅವನ ಅನುಮಾನ. ಎದ್ದ ಕೂಡಲೇ ಅವಳ ಅಂಗೈ ಮೂಸುತ್ತಿದ್ದ. ವಾಸನೆ ಸಿಗದಿದ್ದರೆ, ಸೋಪು ಹಾಕಿ ತೊಳೆದಿದ್ದೀಯ ಎಂದು ಹೊಡೆಯುತ್ತಿದ್ದ. ಹೋದ ತಿಂಗಳು ಅವಳ ಕಿವಿಯ ಹಿಂದೆ ಮೂರು ಹೊಲಿಗೆ ಬಿದ್ದವು. ಕೇಳಿದರೆ ಬಾಗಿಲು ತಗುಲಿತು ಎಂದಳು. ಆ ಮನೆಯ ಬಾಗಿಲುಗಳಿಗೆ ಕೈಗಳಿದ್ದವೋ ಏನೋ.

ಅವನು ಕಾರು ತರುವ ಹಿಂದಿನ ದಿನ ಅಕ್ಕ ಫೋನ್ ಮಾಡಿದಳು.

“ನಾಳೆ ಕಾರ್ ತರ್ತಾರೆ. ಎಂಜಿನ್ ಹೋಗಿದೆ ಅಂತ ಹೇಳ್ಬಿಡು.”

“ಹೋಗಿದ್ರೆ ಹೇಳ್ತೀನಿ.”

“ಹೋಗಿಲ್ದಿದ್ರೂ ಹೇಳು. ಯಾಕೆ ಅಂತ ಕೇಳ್ಬೇಡ. ಇನ್ನು ಹನ್ನೊಂದು ದಿನ ಅವರ ಕಣ್ಣು ನನ್ನ ಮೇಲೆ ಬೀಳ್ಬಾರದು, ಅಷ್ಟೆ.”

“ನೋಡೋಣ ಬಿಡಕ್ಕ,” ಎಂದೆ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಅವಳು ಫೋನ್ ಇಟ್ಟಳು.

ಮರುದಿನ ಸಂಜೆ ಐದಕ್ಕೆ ಭಾವ ಬಂದ. ನನ್ನಿಂದ ಪುಕ್ಕಟೆ ಕೆಲಸ ಆಗಬೇಕಾದಾಗಲೆಲ್ಲ ಅಕ್ಕನನ್ನೂ ಕರೆತರುತ್ತಿದ್ದ. ಅವಳು ಗೋಡೆ ಬದಿಯ ಸ್ಟೂಲಿನ ಮೇಲೆ ಕೂತಳು.

“ಎರಡರಲ್ಲಿ ಒಂದು ಹೇಳ್ಬಿಡಪ್ಪ,” ಎಂದ ಭಾವ. “ಬೋರ್ ಮಾಡ್ಸಿ, ಪಿಸ್ಟನ್ನು ರಿಂಗು ಹೊಸದು ಹಾಕಿ ಇದನ್ನೇ ಕಟ್ಟೋಣ್ವಾ? ಇಲ್ಲ, ಗುಜರಿಯೋನ ಹತ್ರ ಚಿಕ್ಕ ಕಾರಿಂದು ಎಂಜಿನ್ ಇದೆ, ಲೀಟರಿಗೆ ಇಪ್ಪತ್ತು ಕೊಡುತ್ತಂತೆ. ಅದನ್ನೇ ಕೂರಿಸಿಬಿಡೋಣ್ವಾ?”

“ಚಿಕ್ಕ ಎಂಜಿನ್‌ಗೆ ಇಷ್ಟು ಭಾರ ಎಳೆಯೋಕೆ ಹೇಳಿದ್ರೆ ತಿಣುಕಿ ತಿಣುಕಿ ಇದಕ್ಕಿಂತ ಜಾಸ್ತಿ ಕುಡಿಯುತ್ತೆ ಭಾವ. ಎಂಜಿನ್ ಕೂರೋ ಹಿಡಿಕೆ ಕತ್ತರಿಸಿ ಬೆಸುಗೆ ಹಾಕ್ಬೇಕು, ಗೇರ್‌ಬಾಕ್ಸ್ ಹೊಂದಲ್ಲ, ಕಾಗದದಲ್ಲಿ ಎಂಜಿನ್ ನಂಬರ್ ಬದಲಿಸೋಕೆ ಚಪ್ಪಲಿ ಸವೀಬೇಕು. ಕಟ್ಟೋದೇ ವಾಸಿ. ಆದ್ರೆ ಮೊದಲು ರೋಗ ಏನು ಅಂತ ನೋಡೋಣ.”

ರಿಂಗು ಸವೆದಿದೆ, ಹದಿನೈದು ದಿನ ಬೇಕು ಎಂದು ಅಲ್ಲಿಗೇ ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ಬಾಯಿಯವರೆಗೂ ಬಂತು. ಆದರೆ ನೋಡದೆ ಹೇಳುವುದು ನನ್ನ ಜಾಯಮಾನವಲ್ಲ.

ಪ್ಲಗ್ ಬಿಚ್ಚಿ ಒತ್ತಡ ಅಳೆದೆ. ನಾಲ್ಕೂ ಸಿಲಿಂಡರಿನಲ್ಲಿ ಮುಳ್ಳು ಒಂದೇ ಕಡೆ ನಿಂತಿತು. ಹೊಗೆ ಇಲ್ಲ, ಬಡಿತ ಇಲ್ಲ. ಟ್ಯಾಂಕಿನ ಪೈಪು ತಪ್ಪಿಸಿ ಒಂದು ಲೀಟರಿನ ಬಾಟಲಿ ಕಟ್ಟಿ, ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ತಾನಾಗಿ ನಿಲ್ಲುವವರೆಗೂ ಓಡಿಸಿದೆ. ಹದಿಮೂರೂವರೆ ಕಿಲೋಮೀಟರ್ ಬಂತು. ಎಂಜಿನ್ ಸರಿಯಿದ್ದರೆ ಪೆಟ್ರೋಲ್ ಹೋಗುವುದೆಲ್ಲಿ? ನನಗೆ ಹುರುಪು ಹತ್ತಿತು. ಅಕ್ಕನ ಫೋನು ಆಗ ನೆನಪಾಗಲೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ನಿಜವಾಗಿಯೂ ನೆನಪಾಗಲಿಲ್ಲ.

ಪೈಪನ್ನು ಮತ್ತೆ ಟ್ಯಾಂಕಿಗೆ ಜೋಡಿಸಿ, ಗ್ಯಾರೇಜಿಗೆ ಮರಳಿ ಬಾನೆಟ್ ಎತ್ತಿದೆ. “ಅಕ್ಕ, ಸ್ವಲ್ಪ ದೀಪ ಹಿಡಿ,” ಎಂದೆ. ಚಿಕ್ಕಂದಿನಲ್ಲಿ ಅಪ್ಪನಿಗೆ ದೀಪ ಹಿಡಿಯುತ್ತಿದ್ದವಳು ಅವಳೇ. ಬಲಗೈಯಲ್ಲಿ ದೀಪ ಹಿಡಿದು, ಎಡಗೈಯನ್ನು ಮಡ್‌ಗಾರ್ಡಿನ ಅಂಚಿಗೆ ಊರಿ ಬಗ್ಗಿದಳು. ಗೇರ್‌ಬಾಕ್ಸಿನ ಮೇಲೆಲ್ಲ ಬೆರಳುದ್ದ ಜಿಡ್ಡು. ಕಿಲೋಮೀಟರ್ ತೋರಿಸುವ ಮೀಟರಿನ ಕೇಬಲ್ ಬಂದು ಸೇರುವ ನಟ್ಟು ಮಾತ್ರ, ದಿನಾ ಬಿಚ್ಚಿ ಬಿಗಿದಂತೆ, ಫಳಫಳ ಹೊಳೆಯುತ್ತಿತ್ತು.

“ಸಿಕ್ತು!” ಎಂದು ಕೂಗಿದೆ. “ಎಂಜಿನ್ ಚೆನ್ನಾಗಿದೆ ಭಾವ, ಚಿನ್ನದಂಗಿದೆ! ಯಾರೋ ಮೀಟರ್ ಕೇಬಲ್ ಬಿಚ್ಚಿಟ್ಟು ಕಾರ್ ಓಡಿಸ್ತಿದಾರೆ. ಪೆಟ್ರೋಲ್ ಉರಿಯುತ್ತೆ, ಕಿಲೋಮೀಟರ್ ಏರಲ್ಲ. ಅದಕ್ಕೇ ನಿಮಗೆ ಹತ್ತು ಅಂತ ಕಾಣ್ತಿರೋದು!”

ದೀಪ ಅಲುಗಿತು. ಆ ಬೆಳಕಿನಲ್ಲಿ ನಟ್ಟಿನ ಅಡಿಯಿಂದ ಇಣುಕುತ್ತಿದ್ದ ದಾರ ಕಂಡಿತು.

ಆ ನಟ್ಟು ಅದುರಿ ಸಡಿಲವಾಗದಿರಲೆಂದು ಅಪ್ಪ ಮೂರು ಸುತ್ತು ಹೊಲಿಗೆ ದಾರ ಸುತ್ತಿ ಬಿಗಿಯುತ್ತಿದ್ದ. ಬೇರೆ ಯಾವ ಗ್ಯಾರೇಜಿನಲ್ಲೂ ಹಾಗೆ ಮಾಡುವುದನ್ನು ನಾನು ಕಂಡಿಲ್ಲ. ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಅಕ್ಕ. ಕಳ್ಳಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವ ಚಟ ನಮ್ಮ ಮನೆತನದ್ದು. ದಾರ ಹೊಸದು, ಕೆಂಪು. ಅಕ್ಕ ತೊಟ್ಟಿದ್ದ ಅಂಗಿಯ ತೋಳಿನ ಹೊಲಿಗೆಯೂ ಅದೇ ದಾರದ್ದು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಭಾವನಿಗೆ ಎಂಜಿನ್ ಅರ್ಥವಾಗುತ್ತಿರಲಿಲ್ಲ, ಮುಖ ಚೆನ್ನಾಗಿ ಅರ್ಥವಾಗುತ್ತಿತ್ತು. ನನ್ನ ಮುಖ ನೋಡಿದ, ದಾರ ನೋಡಿದ, ತೋಳು ನೋಡಿದ.

“ನೀನೇನೇ?”

ಅಕ್ಕ ಸುಳ್ಳು ಹೇಳಬಹುದು ಎಂದುಕೊಂಡೆ. ಹೇಳಲಿಲ್ಲ.

“ಹೂಂ, ನಾನೇ. ದಿನಾ ಮಧ್ಯಾಹ್ನ ಹನ್ನೆರಡು ಗಂಟೆಗೆ, ನೀವು ಗೊರಕೆ ಹೊಡೀತಿರ್ತೀರಲ್ಲ, ಆಗ. ಲೈಸೆನ್ಸಿಗೆ ಪರೀಕ್ಷೆ ಇದೆ. ಪಾಸಾದ್ರೆ ಆಸ್ಪತ್ರೆಯೋರು ವ್ಯಾನ್ ಓಡಿಸೋ ಕೆಲಸ ಕೊಡ್ತಾರೆ, ಇರೋಕೆ ರೂಮೂ ಕೊಡ್ತಾರೆ. ಆಮೇಲೆ ನಿಮ್ಮ ಮನೆ ಹೊಸಿಲು ತುಳಿಯಲ್ಲ.”

ಹನ್ನೊಂದು ದಿನದ ಅರ್ಥ ನನಗೆ ಆಗ ಆಯಿತು.

ಭಾವ ಬೈಯಲಿಲ್ಲ. ಬಾನೆಟ್ಟಿನ ಊರುಗೋಲನ್ನು ಕಿತ್ತು, ಎರಡೂ ಕೈಯಿಂದ ಬಾನೆಟ್ಟನ್ನು ಕೆಳಗೆ ಬಡಿದ. ಅವಳ ಎಡಗೈಯ ನಾಲ್ಕು ಬೆರಳು ಅಂಚಿನಲ್ಲೇ ಇದ್ದವು. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅಷ್ಟಕ್ಕೇ ಬಿಡದೆ ಅದರ ಮೇಲೆ ಮೈಭಾರ ಹಾಕಿ ಒರಗಿ, “ಈಗ ಹಾಕೇ ಗೇರು,” ಎಂದ. ದೀಪ ಬಿದ್ದು ಒಡೆಯಿತು. ಅಕ್ಕನ ಬಾಯಿಂದ ಬಂದ ಕೂಗು ಮನುಷ್ಯರದ್ದಾಗಿರಲಿಲ್ಲ.

ಚಕ್ರ ಬಿಚ್ಚುವ ಉದ್ದ ಪಾನಾ ನನ್ನ ಕೈಗೆ ಯಾವಾಗ ಬಂತೋ ತಿಳಿಯದು. ಮೊದಲ ಏಟು ಅವನ ಮೊಣಕೈಗೆ. ಅವನು ಬಾನೆಟ್ಟಿನಿಂದ ಜಾರಿದ. ಎರಡನೆಯದು ಮಂಡಿಗೆ. ಬಿದ್ದ. ಮೂರನೆಯದು ಬೇಕಿರಲಿಲ್ಲ, ಹೊಡೆದೆ. ಪಕ್ಕೆಲುಬು ಒಳಗೆ ಹೋದದ್ದು ಕಬ್ಬಿಣದ ಮೂಲಕ ನನ್ನ ಅಂಗೈಗೆ ತಿಳಿಯಿತು, ಮತ್ತು ಖುಷಿಯಾಯಿತು. ಅಕ್ಕನ ಮದುವೆಯಾದಾಗಿನಿಂದ ಒಂಬತ್ತು ವರ್ಷ ನುಂಗಿಕೊಂಡ ಏಕವಚನವನ್ನೆಲ್ಲ ಅವನ ಮೈಮೇಲೆ ಕಕ್ಕುತ್ತಿದ್ದೆ. ಬೋರಲು ಬಿದ್ದಾಗ ಮುರಿದ ಅವನ ಹಲ್ಲು ಜಿಡ್ಡಿನ ನೆಲದ ಮೇಲೆ ಬಿದ್ದಿತ್ತು. ಪಾನಾವನ್ನು ತಲೆಯ ಮೇಲೆತ್ತಿದೆ.

“ಬಾನೆಟ್ ತೆಗಿಯೋ!”

ಅಕ್ಕ ಅದನ್ನು ಮೂರು ಸಲ ಕೂಗಿದ್ದಳಂತೆ. ನನಗೆ ಕೇಳಿಸಿದ್ದು ಮೂರನೆಯದು. ತಿರುಗಿ ನೋಡಿದರೆ, ಮುಂದಿನ ಕೊಂಡಿ ಕಚ್ಚಿಕೊಂಡು ಬಾನೆಟ್ ಮುಚ್ಚಿಯೇ ಇತ್ತು. ಅವಳ ಕೈ ಇನ್ನೂ ಅದರೊಳಗಿತ್ತು. ನಾನು ಅವಳಿಗಾಗಿ ಹೊಡೆಯುತ್ತಿದ್ದೇನೆ ಎಂದುಕೊಂಡಷ್ಟು ಹೊತ್ತೂ ಅವಳು ಅಲ್ಲೇ ಸಿಕ್ಕಿಕೊಂಡು ನಿಂತಿದ್ದಳು.

ಒಳಗಿನ ಲಿವರ್ ಎಳೆದೆ. ಕೈ ಹೊರಬಂತು. ಅದನ್ನು ವರ್ಣಿಸಲಾರೆ. ಶುಭ್ರವಾಗಿದ್ದ ಒಂದು ಬಟ್ಟೆ ಹುಡುಕಿ ಸುತ್ತಿದೆ. ಸದ್ದು ಕೇಳಿ ಪಕ್ಕದ ಅಂಗಡಿಯ ಟೈರಿನವನು ಓಡಿಬಂದ. “ಆಂಬುಲೆನ್ಸ್ ಕರೀರಿ, ಇವನಿಗೆ,” ಎಂದು ಅಕ್ಕ ನೆಲದಲ್ಲಿ ನರಳುತ್ತಿದ್ದವನನ್ನು ತೋರಿಸಿದಳು. ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲು ನಾನು ಬಾನೆಟ್ ಮುಚ್ಚಿ, ಹೋಗಿ ಕಾರಿನ ಸ್ಟೀರಿಂಗ್ ಹಿಂದೆ ಕೂತೆ.

“ಏಳು ಅಲ್ಲಿಂದ,” ಎಂದಳು.

“ಹುಚ್ಚಾ ಅಕ್ಕ ನಿಂಗೆ? ಒಂದು ಕೈಯಲ್ಲಿ?”

“ನಿನ್ನ ಕಣ್ಣಿಗೆ ರಕ್ತ ಇಳಿದಿದೆ. ನೀನು ಓಡಿಸಿದ್ರೆ ದಾರೀಲಿ ಇನ್ನೊಬ್ಬರನ್ನ ಕೊಲ್ತೀಯ. ಈ ಕಡೆ ಬಾ. ಗೇರ್ ನೀನು ಹಾಕು.”

ಎದ್ದು ಪಕ್ಕಕ್ಕೆ ಹೋದೆ. ಅವಳು ಕೂತು, ಬಲಗೈಯಲ್ಲಿ ಕೀ ತಿರುಗಿಸಿ, ಕ್ಲಚ್ ಒತ್ತಿ, “ಒಂದು,” ಎಂದಳು. ಹಾಕಿದೆ. ಕಾರು ಜಗ್ಗದೆ ಹೊರಟಿತು. “ಎರಡು.” ಹಾಕಿದೆ. ತಿರುವಿನಲ್ಲಿ ಅಂಗೈಯನ್ನು ಸ್ಟೀರಿಂಗಿಗೆ ಒತ್ತಿ ಹಿಡಿದು ಎಷ್ಟು ನಯವಾಗಿ ತಿರುಗಿಸಿದಳೆಂದರೆ, ನಲವತ್ತು ವರ್ಷದಲ್ಲಿ ಅಪ್ಪನನ್ನು ಬಿಟ್ಟರೆ ಹಾಗೆ ಓಡಿಸುವವರನ್ನು ನಾನು ನೋಡಿಲ್ಲ. ಮಡಿಲಲ್ಲಿದ್ದ ಬಟ್ಟೆ ಕೆಂಪಾಗುತ್ತಿತ್ತು. ಅವಳು ಅಳಲಿಲ್ಲ. ಅತ್ತವನು ನಾನು.

“ಲೈಸೆನ್ಸ್ ವಿಷಯ ಒಂದು ಮಾತು ನನಗೆ ಹೇಳಿದ್ರೆ ಆಗ್ತಿರ್ಲಿಲ್ವಾ ಅಕ್ಕ?”

“ಹೇಳಿದ್ರೆ ನೀನು ಅವತ್ತೇ ಪಾನಾ ತಗೊಂಡು ಬರ್ತಿದ್ದೆ. ಅದಕ್ಕೇ ಒಂದು ಸುಳ್ಳು ಕೇಳಿದೆ. ಹುಟ್ಟಿದಾಗಿಂದ ನಿನ್ನ ಹತ್ರ ನಾನು ಕೇಳಿದ್ದು ಅದೊಂದೇ.”

ಮುಂದೆ ರಸ್ತೆ ಖಾಲಿಯಿತ್ತು. ಅವಳು ಕ್ಲಚ್ ಒತ್ತಿ, ನನ್ನ ಕಡೆ ನೋಡದೆ, “ಮೂರು,” ಎಂದಳು. ನಾನು ಹಾಕಿದೆ.