ಗಂಗಕ್ಕನ ಕಟ್ಟೆ

ಶನಿವಾರಸಂತೆಯಲ್ಲಿ ಶನಿವಾರ ಮಧ್ಯಾಹ್ನ ಗಂಡಸರು ಮನೆಯಲ್ಲಿರುವುದಿಲ್ಲ. ಸಂತೆಯ ದಿನ ಅಂಗಡಿ ಬಿಟ್ಟು ಉಣ್ಣಲು ಬರುವಷ್ಟೂ ಪುರುಸೊತ್ತಿಲ್ಲ. ಊಟದ ಕ್ಯಾರಿಯರ್ ಅಲ್ಲಿಗೇ ಹೋಗುತ್ತದೆ. ಆ ಹೊತ್ತಿಗೆ ಸಂತೆಮಾಳದ ಹಿಂದಿನ ಬೀದಿಯಲ್ಲಿ, ಸುಧಾಳ ಮನೆಯ ಹಿತ್ತಲ ಜಗಲಿಯ ಮೇಲೆ, ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಸುಧಾ, ಅವಳ ನಾದಿನಿ, ಚಂದನಾ, ಗಂಗೆ ಅಂತ ನಾಲ್ಕು ಜನ ಹೆಂಗಸರು ಸುತ್ತ ಕೂರುತ್ತಾರೆ. ಐದನೆಯವಳು ಕಂಬಕ್ಕೆ ಒರಗಿ ಸೌತೆಕಾಯಿ ಹೆಚ್ಚುತ್ತಾಳೆ, ನೀರು ತಂದುಕೊಡುತ್ತಾಳೆ, ಆಚೆ ಉರುಳಿದ ಕವಡೆ ಹುಡುಕಿಕೊಡುತ್ತಾಳೆ. ಆ ಐದನೆಯವಳೇ ರಂಜಿತಾ.

ರಂಜಿತಾ ಕುಶಾಲನಗರದ ಕಡೆಯವಳು. ಹಾರ್ಡ್‌ವೇರ್ ಅಂಗಡಿಯ ನವೀನ್‌ಕುಮಾರನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ನವೀನ್‌ಕುಮಾರ್ ಕೆಟ್ಟವನಲ್ಲ, ಆದರೆ ಬೆಳಗಿನಿಂದ ಸಂಜೆಯವರೆಗೆ ಮೊಳೆ, ತಿರುಪು, ಪೈಪು ಅಂತ ಮಾತಾಡಿ ಮನೆಗೆ ಬಂದರೆ ಬಾಯಿಗೆ ಬೀಗ. ಅತ್ತೆ ಟೀವಿಯ ಮುಂದೆ. ಅಜ್ಜಿಯ ತೊಡೆಯ ಮೇಲೆ ಕಥೆ ಕೇಳುತ್ತ ಬೆಳೆದ ಹುಡುಗಿಗೆ ಮಾತಿಲ್ಲದ ಮನೆ ಅಂದರೆ ಒಲೆ ಹಚ್ಚದ ಮನೆಯಿದ್ದ ಹಾಗೆ. ಸುಧಾಳ ಜಗಲಿಯಲ್ಲಿ ಮಾತಿತ್ತು. ಕವಡೆ ಬಿದ್ದಂತೆಲ್ಲ ಮಾತು ಬೀಳುತ್ತಿತ್ತು: ಯಾರ ಮದುವೆ ಮುರಿಯಿತು, ಯಾರ ಸೊಸೆ ತವರಿಂದ ಬರಲಿಲ್ಲ, ಕೊಡ್ಲಿಪೇಟೆಯ ಯಾವ ಮನೆಯ ಬಾವಿಯಲ್ಲಿ ಯಾರು ಅಳುವ ಸದ್ದು ಕೇಳುತ್ತದೆ. ಆದರೆ ಎಲ್ಲ ಮಾತೂ ಚೌಕದೊಳಗೆ ನಡೆಯುತ್ತಿತ್ತು. ಸ್ವಾರಸ್ಯದ ಜಾಗ ಬಂದಾಗ ನಾಲ್ಕು ತಲೆ ಒಂದಕ್ಕೊಂದು ತಾಗಿಕೊಳ್ಳುತ್ತಿದ್ದವು. ಕಂಬದವರೆಗೆ ಬರುತ್ತಿದ್ದದ್ದು ನಗು ಮಾತ್ರ. ಆ ನಾಲ್ಕು ತಲೆಗಳಲ್ಲಿ ತನ್ನದೂ ಒಂದಾಗಬೇಕು. ರಂಜಿತಾಳಿಗೆ ಬೇಕಾಗಿದ್ದದ್ದು ಇಷ್ಟೇ. ಸೀರೆ, ಒಡವೆ ಬೇಕೆನ್ನುವವರಿಗಾದರೂ ನಡುವೆ ಆಸೆ ಒಂಚೂರು ಮರೆಯುತ್ತದೆ. ಇವಳಿಗೆ ಆ ಮರೆವೂ ಇರಲಿಲ್ಲ.

ಅವಳನ್ನು ಆ ಜಗಲಿಗೆ ಕೈಹಿಡಿದು ಕರೆತಂದವಳು ಪಕ್ಕದ ಮನೆಯ ಗಂಗೆ. ಹೆಸರಿಗೆ ತಕ್ಕ ಹಾಗೆ ತಣ್ಣಗಿನ ಹೆಂಗಸು. ಅವಳ ಜಡೆ ಬೀದಿಗೆಲ್ಲ ಗೊತ್ತು. ಸೊಂಟ ದಾಟಿ ಇಳಿಯುವ ಜಡೆ. ಅವಳತ್ತೆ ರುದ್ರಮ್ಮ ಹೆಣ್ಣು ನೋಡಲು ಹೋದಾಗ ಹುಡುಗಿಯ ಮುಖಕ್ಕಿಂತ ಮೊದಲು ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಇದೇ ನಮ್ಮ ಸೊಸೆ ಅಂದಿದ್ದರಂತೆ. ಈಗ ರುದ್ರಮ್ಮನಿಗೆ ಕಣ್ಣು ಮಂಜು. ಆದರೂ ಮನೆಗೆ ಯಾರು ಬಂದರೂ ಸೊಸೆಯ ಜಡೆ ತೋರಿಸದೆ ಕಾಫಿ ಕೊಡುತ್ತಿರಲಿಲ್ಲ.

ಮೊದಲ ಸಲ ಆಡಲು ಸಿಕ್ಕಾಗ ರಂಜಿತಾ ನಗೆಪಾಟಲಾಗಿದ್ದಳು. ಅವತ್ತು ಚಂದನಾ ತವರಿಗೆ ಹೋಗಿದ್ದರಿಂದ ಒಂದು ಜಾಗ ಖಾಲಿಯಿತ್ತು. ರಂಜಿತಾ ತನ್ನ ಬಳೆಚೂರಿನ ಕಾಯನ್ನು ಹೊರಸುತ್ತು ಮುಗಿಸಿ ಸೀದಾ ಒಳಸುತ್ತಿಗೆ ನಡೆಸಿಬಿಟ್ಟಳು. ಜಗಲಿಯೆಲ್ಲ ನಗು. ಈ ಕಡೆಯ ಆಟದಲ್ಲಿ ಬೇರೆಯವರ ಒಂದು ಕಾಯನ್ನಾದರೂ ಕಡಿದು ಅದು ಹೊರಟ ಕಟ್ಟೆಗೆ ವಾಪಸು ಕಳಿಸದೆ ಯಾವ ಕಾಯಿಯೂ ಒಳಗೆ ಹೋಗುವಂತಿಲ್ಲ. ನಡುಮನೆ ಸೇರಿ ಹಣ್ಣಾಗುವಂತಿಲ್ಲ. ರಂಜಿತಾಳ ಅಜ್ಜಿಯ ಆಟದಲ್ಲಿ ಆ ಕಟ್ಟಳೆಯೇ ಇರಲಿಲ್ಲ. ಅಜ್ಜಿ ಕಾಮಾಕ್ಷಮ್ಮ ಆಡಿಸುತ್ತಲೇ ಕಥೆ ಹೇಳುತ್ತಿದ್ದರು: ಈ ಕಾಯಿಗಳೆಲ್ಲ ಒಬ್ಬ ರಾಜನ ಹೆಣ್ಣುಮಕ್ಕಳು, ಕಾಡು ಸುತ್ತಲು ಹೋದವರು. ನಡುಮನೆಯಲ್ಲಿ ತಾಯಿ ಅನ್ನ ಮಾಡಿಟ್ಟು ಬಾಗಿಲು ತೆರೆದು ಕೂತಿದ್ದಾಳೆ. ಹಸಿದು ಬಂದವಳನ್ನು ಯಾವ ತಾಯಿ, ಯಾರನ್ನು ಕೊಂದು ಬಂದೆ ಮಗಳೇ ಅಂತ ಕೇಳುತ್ತಾಳೆ?

ರಂಜಿತಾ ಪೆದ್ದುಪೆದ್ದಾಗಿ ಆ ಕಥೆಯನ್ನೂ ಹೇಳಿಬಿಟ್ಟಳು. ಸುಧಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವಳಿಗೆ ಅನ್ನದ ರಾಜಕುಮಾರಿ ಅಂತ ಹೆಸರಿಟ್ಟಳು. ಅವತ್ತಿನಿಂದ ಅದೇ ಹೆಸರು. ರಾಜಕುಮಾರೀ, ಒಂಚೂರು ಉಪ್ಪು ತಗೊಂಡು ಬಾ. ರಾಜಕುಮಾರೀ, ನಾಯಿ ಓಡಿಸು. ಗಂಗೆಯೊಬ್ಬಳು ನಗಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ಆಟದ ಕಟ್ಟಳೆಯನ್ನೆಲ್ಲ ಬಿಡಿಸಿ ಹೇಳಿಕೊಟ್ಟಳು.

ಇನ್ನೊಂದು ಕಟ್ಟಳೆ ಆ ಜಗಲಿಯದೇ. ಗೆದ್ದವಳು ಸೋತವಳಿಗೆ ಒಂದು ಅಪ್ಪಣೆ ಕೊಡಬಹುದು. ಮಾಡಲ್ಲ ಅಂದರೆ ಜಾಗ ಹೋಯಿತು. ಗಂಡನ ಹೆಸರನ್ನು ಬೀದಿಗೆ ಕೇಳುವ ಹಾಗೆ ಕೂಗು, ಅತ್ತೆಯ ಹಾಗೆ ನಡೆದು ತೋರಿಸು, ಹಸಿಮೆಣಸಿನಕಾಯಿ ಅಗಿ. ಸುಧಾ ಗೆದ್ದರೆ ಮಾತ್ರ ಅಪ್ಪಣೆಗೆ ಕಚ್ಚುವ ಹಲ್ಲಿರುತ್ತಿತ್ತು. ಒಮ್ಮೆ ಚಂದನಾಳಿಂದ ಅವಳಣ್ಣನಿಗೆ ಫೋನ್ ಮಾಡಿಸಿ, ಅತ್ತಿಗೆಯನ್ನು ಪೇಟೆಯಲ್ಲಿ ಯಾರದೋ ಜೊತೆ ನೋಡಿದೆ ಅಂತ ಹೇಳಿಸಿದ್ದಳು. ಅದು ತಮಾಷೆ ಅಂತ ಆಮೇಲೆ ಎಷ್ಟು ಹೇಳಿದರೂ ಆ ಮನೆಯಲ್ಲಿ ಅದು ತಮಾಷೆಯಾಗಲಿಲ್ಲ. ಚಂದನಾ ಮರುವಾರ ಎಂದಿನಂತೆ ಬಂದು ಕೂತಳು. ಜಾಗ ಬಿಡುವುದೆಂದರೆ ಏನು ಅಂತ ಅವಳಿಗೂ ಗೊತ್ತಿತ್ತು.

ಒಂದು ಶನಿವಾರ ಸುಧಾಳ ನಾದಿನಿ ಮಗುವನ್ನು ಡಾಕ್ಟರಿಗೆ ತೋರಿಸಲು ಹಾಸನಕ್ಕೆ ಹೋಗಿದ್ದಳು. ನಾಲ್ಕನೆಯ ಕಟ್ಟೆ ಖಾಲಿ. ಸುಧಾ ಕವಡೆ ಕುಲುಕುತ್ತ, ಇವತ್ತೊಂದು ದಿನ ನಿನ್ನ ಪುಣ್ಯ ಕಣೆ ರಾಜಕುಮಾರಿ ಅಂದಳು. ಆಮೇಲೆ ಏನೋ ನೆನಪಾದವಳ ಹಾಗೆ, ಚೆನ್ನಾಗಿ ಆಡಿದರೆ ಯೋಚನೆ ಮಾಡೋಣ, ಇಲ್ಲಿ ಎಲ್ಲರ ಜಾಗವೂ ಕಲ್ಲಲ್ಲಿ ಕೊರೆದಿಲ್ಲ ಅಂತ ಸೇರಿಸಿದಳು. ರಂಜಿತಾ ಸೌತೆಕಾಯಿ ಬದಿಗಿಟ್ಟು ಬಂದು ಕೂತಳು.

ಆಟ ರಂಗೇರಿತು. ಗಂಗೆ ಕಾಫಿಬೀಜ ಇಟ್ಟು ಆಡುತ್ತಿದ್ದಳು. ಒಂದು ಸಲ ಗಂಗೆಗೆ ಮೂರು ಬಿತ್ತು. ಮೂರು ಮನೆ ಆಚೆಗೆ ರಂಜಿತಾಳ ಬಳೆಚೂರು ಒಂಟಿಯಾಗಿತ್ತು, ಎಲ್ಲರಿಗೂ ಕಂಡಿತು. ಗಂಗೆ ಕಾಣದವಳ ಹಾಗೆ ಬೇರೆ ಕಾಯಿ ನಡೆಸಿದಳು. ಸುಧಾ ಹುಬ್ಬೇರಿಸಿದಳು. ಸ್ವಲ್ಪ ಹೊತ್ತಿಗೆ ಗಂಗೆಯ ಕಾಫಿಬೀಜವೇ ಒಳಸುತ್ತಿನ ಬಾಗಿಲಲ್ಲಿ ಬಂದು ನಿಂತಿತು. ರಂಜಿತಾಳಿಗೆ ಚೌಕ ಬಿತ್ತು, ನಾಲ್ಕೂ ಕವಡೆ ಬಾಯಿ ತೆರೆದು. ನಾಲ್ಕು ಮನೆ ಎಣಿಸಿದರೆ ಸರಿಯಾಗಿ ಆ ಬೀಜದ ಮೇಲೆ.

ಅವಳು ಗಂಗೆಯ ಮುಖ ನೋಡಲಿಲ್ಲ. ಬೀಜ ಎತ್ತಿ ಗಂಗೆಯ ಕಟ್ಟೆಗೆ ಇಟ್ಟಳು. ಸುಧಾ ಅವಳ ಬೆನ್ನು ತಟ್ಟಿದಳು. ಆ ಏಟು ಎಷ್ಟು ಬೆಚ್ಚಗಿತ್ತೆಂದರೆ, ಆಮೇಲಿನ ಕವಡೆಗಳೆಲ್ಲ ತಾವಾಗಿ ಅವಳ ಪಾಲಿಗೆ ಬಿದ್ದ ಹಾಗಾಯಿತು. ಕಾಯಿಗಳು ಒಂದೊಂದಾಗಿ ನಡುಮನೆ ಸೇರಿದವು. ರಂಜಿತಾ ಗೆದ್ದಳು. ಕಡೆಗೆ ಉಳಿದವಳು ಗಂಗೆ.

"ಹೂಂ, ಅಪ್ಪಣೆಯಾಗಲಿ," ಸುಧಾ ಗೋಡೆಗೆ ಒರಗಿ ಕಾಲು ಚಾಚಿದಳು. "ಹಾಡು ಹೇಳು, ಕುಣಿ ಅಂತೆಲ್ಲ ಅಂದರೆ ಎದ್ದು ಕಂಬದ ಹತ್ರಾನೇ ಹೋಗು. ಅಂಥದ್ದು ಕೇಳೋಕೆ ಇಲ್ಲಿ ಯಾರೂ ಬಂದಿಲ್ಲ."

ರಂಜಿತಾ ಯೋಚಿಸಿದಳು. ಯೋಚಿಸಬೇಕಾದ್ದು ಏನೂ ಇರಲಿಲ್ಲ. ಹೋದ ಮದುವೆ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಗಂಗೆ ಗಾಬರಿಯಿಂದ ಅವಳನ್ನು ಕೋಣೆಗೆ ಕರೆದು ಅಗಳಿ ಹಾಕಿಕೊಂಡಿದ್ದಳು. ಡೆಂಗ್ಯೂ ಜ್ವರ ಬಂದು ಹೋದ ಮೇಲೆ ಗಂಗೆಯ ಕೂದಲು ಹಿಡಿಹಿಡಿಯಾಗಿ ಉದುರಿ, ನೆತ್ತಿಯಲ್ಲಿ ಅಲ್ಲಲ್ಲಿ ಬೋಳಾಗಿತ್ತು. ಉದುರಿದ್ದನ್ನೇ ಕೂಡಿಟ್ಟು ಚೌರಿ ಮಾಡಿಸಿ, ಅದನ್ನು ಸೇರಿಸಿ ಹೆಣೆದುಕೊಳ್ಳುತ್ತಿದ್ದಳು. ಅವತ್ತು ಚೌರಿ ನಿಲ್ಲುತ್ತಿರಲಿಲ್ಲ. ರಂಜಿತಾ ಪಿನ್ನು ಸಿಕ್ಕಿಸಿ ಗಟ್ಟಿ ಮಾಡಿಕೊಟ್ಟಳು. ಗಂಗೆ ಅವಳ ಕೈ ಹಿಡಿದು, ನನ್ನ ಗಂಡನಿಗೂ ಸರಿಯಾಗಿ ತೋರಿಸಿಲ್ಲ ಕಣೆ, ಅತ್ತೆಗೆ ಗೊತ್ತಾದರೆ ಅವರ ಜೀವ ಹೋಗುತ್ತೆ, ನನ್ನದು ಉಳಿಯಲ್ಲ ಅಂದಿದ್ದಳು. ಬಿಡಿ ಗಂಗಕ್ಕ, ಈ ಮಾತು ನನ್ನ ಹೊಟ್ಟೆಯಲ್ಲೇ ಇರುತ್ತೆ ಅಂದಿದ್ದಳು ರಂಜಿತಾ. ಅಲ್ಲಿಯೇ ಇತ್ತು. ಇವತ್ತಿನವರೆಗೆ.

"ಗಂಗಕ್ಕ ಜಡೆ ಬಿಚ್ಚಲಿ," ಅಂದಳು.

ಚಂದನಾ ನಿರಾಸೆಯಿಂದ, ಇಷ್ಟೇನಾ ಅಂದಳು. ಗಂಗೆಯ ಮುಖದ ಬಣ್ಣ ಇಳಿದದ್ದನ್ನು ಸುಧಾ ನೋಡಿದ್ದಳು. ಒರಗಿದ್ದವಳು ನಿಧಾನವಾಗಿ ನೆಟ್ಟಗೆ ಕೂತಳು.

ಗಂಗೆ ರಂಜಿತಾಳನ್ನೇ ನೋಡುತ್ತಿದ್ದಳು. ಎದ್ದು ಹೋಗಬಹುದಿತ್ತು, ಹಾಗೆ ಹೋದರೆ ಜಡೆಯಲ್ಲೇನೋ ಇದೆ ಅಂತ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಬಿಚ್ಚಿದರೂ ಗೊತ್ತಾಗುತ್ತಿತ್ತು. ಅವಳು ಜಡೆಯನ್ನು ಮುಂದಕ್ಕೆ ಎಳೆದುಕೊಂಡು ತುದಿಯ ರಬ್ಬರ್ ತೆಗೆದಳು. ಹೆಣಿಗೆ ಒಂದೊಂದಾಗಿ ಬಿಟ್ಟುಕೊಂಡಿತು. ಕುತ್ತಿಗೆಯ ಹತ್ತಿರ ಬಂದಾಗ ಬೆರಳು ತಡೆಯಿತು. ಆಮೇಲೆ ಪಿನ್ನು ಕಿತ್ತಳು. ಚೌರಿ ಕೈಗೆ ಬಂತು. ಉಳಿದದ್ದು ಹೆಗಲೂ ಮುಟ್ಟದ ನಾಲ್ಕೆಳೆ ಕೂದಲು, ನಡುನಡುವೆ ತಲೆಯ ಬಿಳಿಚರ್ಮ.

ಯಾರೂ ನಗಲಿಲ್ಲ ಅಂದುಕೊಳ್ಳಬೇಡಿ. ಮೊದಲು ಚಂದನಾ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸುಧಾ, ರುದ್ರಮ್ಮನೋರು ಇದನ್ನೇ ತೂಕ ಹಾಕಿ ತಂದಿದ್ದಾ ಅಂತ ಕೇಳಿದಳು. ಆಗ ತಡೆಯಲಾಗಲಿಲ್ಲ. ರಂಜಿತಾಳೂ ನಕ್ಕಳು. ಚೌಕದೊಳಗಿನ ನಗುವಿನಲ್ಲಿ ತನ್ನದೂ ಒಂದಾಗಿ ಕೇಳಿದ್ದು ಅದೇ ಮೊದಲು.

ಗಂಗೆ ಚೌರಿಯನ್ನು ಚೌಕಾಬಾರದ ಮನೆಯ ಮೇಲೆ, ತನ್ನ ಕಾಫಿಬೀಜಗಳ ಮೇಲೆ ಇಟ್ಟಳು. ಸೆರಗನ್ನು ತಲೆತುಂಬ ಹೊದ್ದು ಹಿತ್ತಲ ಬಾಗಿಲಿಂದ ಹೋದಳು.

ಮುಂದಿನ ವಾರದಿಂದ ಗಂಗೆಯ ಕಟ್ಟೆ ನಿನ್ನದು ಅಂದಳು ಸುಧಾ. ರಂಜಿತಾ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಮಾತು ಬಂತು: ಇದನ್ನು ಇಲ್ಲಿ ಇಟ್ಟುಕೊಂಡು ನಾವೇನು ಮಾಡೋಣ, ಅಪ್ಪಣೆ ಕೊಟ್ಟವಳೇ ಮುಗಿಸಬೇಕು, ಹೋಗಿ ಅವಳ ಕೈಗೇ ಕೊಟ್ಟು ಬಾ. ರಂಜಿತಾ ಚೌರಿಯನ್ನು ಸೆರಗಿನಲ್ಲಿ ಸುತ್ತಲು ಹೋದಳು. ಸುತ್ತುವ ಹಾಗಿಲ್ಲ ಅಂದಳು ಸುಧಾ. ಕೊಟ್ಟಳೋ ಇಲ್ಲವೋ ನೋಡಿಕೊಂಡು ಬರಲು ಚಂದನಾಳನ್ನೂ ಜೊತೆಗೆ ಕಳಿಸಿದಳು.

ಗಂಗೆಯ ಮನೆಯಲ್ಲಿ ರುದ್ರಮ್ಮ ಬಾಗಿಲಲ್ಲೇ ಕೂತು ಮೊರದಲ್ಲಿ ಅವರೆಕಾಳು ಸುಲಿಯುತ್ತಿದ್ದರು. ಯಾರದು ಅಂತ ಕೇಳಿದರು. ಅಜ್ಜಿ, ನಾನು ರಂಜಿತಾ, ಗಂಗಕ್ಕ ಇದ್ದಾರಾ ಅಂದಳು. ಗಂಗೆ ಒಳಗಿಂದ ಬಂದಳು. ತಲೆಗೆ ಟವೆಲ್ ಸುತ್ತಿಕೊಂಡಿದ್ದಳು, ಆಗಷ್ಟೇ ಮಿಂದವಳ ಹಾಗೆ. ರಂಜಿತಾಳ ಕೈಯಲ್ಲಿದ್ದದ್ದನ್ನು ನೋಡಿ ಹೊಸ್ತಿಲ ಆಚೆಯೇ ನಿಂತಳು.

"ಏನೋ ತಂದ ಹಾಗಿದೆ?" ರುದ್ರಮ್ಮ ಕೈ ಚಾಚಿದರು.

"ಏನಿಲ್ಲ ಅತ್ತೆ," ಗಂಗೆ ಬೇಗ ಹೇಳಿದಳು. "ಅವಳದೇ ಚೌರಿ. ಹೆಣೆದುಕೊಡಿ ಅಂತ ತಂದಿದಾಳೆ. ಅಲ್ವೇನೆ ರಂಜಿತಾ?"

ಹೂಂ ಅಂದರೆ ಸಾಕಿತ್ತು. ರಂಜಿತಾಳ ಬಾಯಿಯವರೆಗೆ ಅದು ಬಂತು ಕೂಡ. ಹಿಂದೆ ಗೇಟಿನ ಹತ್ತಿರ ಚಂದನಾ ಬೇಲಿಯ ದಾಸವಾಳ ಕೀಳುತ್ತ ಇತ್ತಲೇ ಕಿವಿಯಿಟ್ಟು ನಿಂತಿದ್ದಳು. ಹೂಂ ಅಂದರೆ ಚೌರಿಯನ್ನು ಕೈಯಲ್ಲಿ ಹಿಡಿದುಕೊಂಡೇ ವಾಪಸು ಹೋಗಬೇಕು. ವಾಪಸು ಹೋದರೆ ಕಂಬ.

"ಇಲ್ಲ ಗಂಗಕ್ಕ, ನಿಮ್ಮದೇ ಅಲ್ವಾ," ಅಂದಳು. "ಸುಧಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ರಿ."

ಗಂಗೆ ಕೈ ಚಾಚಲಿಲ್ಲ. ರುದ್ರಮ್ಮ ಚಾಚಿದ್ದ ಕೈಗೆ ರಂಜಿತಾ ಚೌರಿಯನ್ನು ಇಟ್ಟಳು. ಮುದುಕಿ ಅದನ್ನು ಬೆರಳಲ್ಲಿ ಉಜ್ಜಿದರು, ಉದ್ದಕ್ಕೂ ಸವರಿದರು, ಅಂಗೈಯಲ್ಲಿಟ್ಟು ಮೆಲ್ಲಗೆ ತೂಗಿದರು. ತೂಗಿದ ಕೈ ಹಾಗೇ ನಿಂತಿತು.

"ಹತ್ತಿರ ಬಾ ಗಂಗೆ," ಅಂದರು. "ತಲೆ ಬಗ್ಗಿಸು."

ಆಮೇಲಿನದನ್ನು ನೋಡಲು ರಂಜಿತಾ ನಿಲ್ಲಲಿಲ್ಲ. ಮೊರ ಮಗುಚಿದ ಸದ್ದು ಬೀದಿಯವರೆಗೆ ಬಂತು. ಗಂಗೆ ಆ ವಾರದಲ್ಲೇ ತವರಿಗೆ ಹೋದಳು. ಕೂದಲು ಬಂದ ಮೇಲೆ ಬರಲಿ ಅಂತ ರುದ್ರಮ್ಮ ಹೇಳಿ ಕಳಿಸಿದರಂತೆ.

ಮರುಶನಿವಾರ ರಂಜಿತಾ ಎಣ್ಣೆ ಹಚ್ಚಿ ಬಾಚಿಕೊಂಡು, ಹೊಸ ಬಳೆಚೂರು ಹಿಡಿದು ಹೋದಳು. ಗಂಗೆಯ ಕಟ್ಟೆಯ ಮುಂದೆ ಜಾಗ ಬಿಟ್ಟಿದ್ದರು. ರಾಜಕುಮಾರಿ ಅಂತ ಯಾರೂ ಕರೆಯಲಿಲ್ಲ. ಬನ್ನಿ ರಂಜಿತಾ, ಕೂತ್ಕೊಳ್ಳಿ ಅಂದಳು ಸುಧಾ. ಬಹುವಚನ ಕೇಳಿ ಅವಳಿಗೆ ಮೊದಲು ಖುಷಿಯೇ ಆಯಿತು.

ಕವಡೆ ಬಿತ್ತು. ಎರಡು. ಇನ್ನೊಬ್ಬಳದು ಬಿತ್ತು. ಮೂರು. ರಂಜಿತಾ ಮಾತಿಗೆ ಕಾದಳು. ಸುಧಾಳ ನಾದಿನಿ ತನ್ನ ಮಗುವಿನ ಜ್ವರದ ವಿಷಯ ತೆಗೆದವಳು, ಡಾಕ್ಟರ್ ಏನಂದ್ರು ಅಂತ ರಂಜಿತಾ ಕೇಳಿದೊಡನೆ, ಏನಿಲ್ಲ, ಚೆನ್ನಾಗಿದಾನೆ ಅಂತ ನಿಲ್ಲಿಸಿದಳು. ಚಂದನಾಳ ಅಣ್ಣನ ಮನೆಯ ಮಾತು ಬಂತು. ಸುಧಾ ಕೆಮ್ಮಿದಳು, ಮಾತು ಅಲ್ಲಿಗೇ ಕಡಿಯಿತು. ಅದರ ಮುಂದಿನ ವಾರವೂ ಹಾಗೆಯೇ. ಅದರ ಮುಂದಿನದೂ. ಆಟ ಮುಗಿದು ಅವಳು ಮನೆಯ ತಿರುವು ದಾಟಿದ ಮೇಲೆ ಜಗಲಿಯಲ್ಲಿ ಮತ್ತೆ ಮಾತು ಚಿಗುರುವುದು, ನಗು ಏಳುವುದು ಅವಳಿಗೆ ಕೇಳುತ್ತಿತ್ತು. ಬೇಕಂತಲೇ ನಿಧಾನ ನಡೆದರೆ, ಇನ್ನೂ ಚೆನ್ನಾಗಿ ಕೇಳುತ್ತಿತ್ತು.

ಒಂದು ದಿನ ಅವಳ ಕೊನೆಯ ಕಾಯಿ ಹಣ್ಣಾಯಿತು. ಗೆದ್ದಿದ್ದಳು. ಅಪ್ಪಣೆ ಕೊಡಬೇಕಲ್ಲ, ಹಾಗಾಗಿ ತಲೆಯೆತ್ತಿ ನೋಡಿದಳು. ಸೋತ ಚಂದನಾಳ ಕೈ ಮೆಲ್ಲಗೆ ಹಿಂದಕ್ಕೆ ಹೋಗಿ ತನ್ನ ಜಡೆಯ ಬುಡ ಹಿಡಿದುಕೊಂಡಿತ್ತು.