ಬಿಡ್ತು ಎನ್ನದ ಕಂಪ್ಯೂಟರ್

ಸುಕನ್ಯಾಳ ಅತ್ತೆ ನಾಗಲಿಂಗಮ್ಮನ ಎದುರು ಕೆಟ್ಟ ಮಾತು ಆಡುವಂತಿರಲಿಲ್ಲ. "ಬಿದ್ದು ಕಾಲು ಮುರ್ಕೊಂತಿ ನೋಡು" ಎಂದು ಯಾರಾದರೂ ಮಕ್ಕಳನ್ನು ಗದರಿದರೆ ಸಾಕು, "ಬಿಡ್ತು ಅನ್ನು! ಮ್ಯಾಲೆ ಅಸ್ತು ದೇವತೆಗಳು ಅದಾರ, ಕೇಳಿಸ್ಕೊಂಡು ಅಸ್ತು ಅಂದುಬಿಡ್ತಾರ" ಎಂದು ಬೆನ್ನು ಹತ್ತುತ್ತಿದ್ದಳು. ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸುಕನ್ಯಾ ಬಾಯಲ್ಲಿ "ಬಿಡ್ತು" ಎಂದು ಮನಸ್ಸಿನಲ್ಲಿ ನಗುತ್ತಿದ್ದಳು. ಆ ನಗು 2009ರ ಜುಲೈನ ಒಂದು ಭಾನುವಾರದವರೆಗೆ ಬಾಳಿತು.

ಅವತ್ತು ಊಟವಾದ ಮೇಲೆ ಅವಳು ಆನ್‌ಲೈನಿನಲ್ಲಿ ತನ್ನ ಇನ್‌ಕಂ ಟ್ಯಾಕ್ಸ್ ರಿಟರ್ನ್ ತುಂಬಲು ಕೂತಳು. ಹೋದ ವರ್ಷದವರೆಗೆ ಅದು ತೆರಿಗೆ ಲೆಕ್ಕ ಬರೆಯುವ ಉಜ್ಜಿನಪ್ಪನ ಕೆಲಸ. ಊರಿನ ಅರ್ಧ ಮೇಷ್ಟ್ರುಗಳಿಗೆ ಅವನೇ ಗತಿ. ಅವನು ತೋರಿಸಿದಲ್ಲಿ ಸಹಿ ಹಾಕಿದರೆ ಕಟ್ಟಿದ ತೆರಿಗೆಯಲ್ಲಿ ಒಂದಷ್ಟು ವಾಪಸ್ ಬರುತ್ತಿತ್ತು. ಹೇಗೆಂದು ಯಾರೂ ಕೇಳಲಿಲ್ಲ. ಮನೆಗೆ ಬಂದ ಲಕ್ಷ್ಮಿಯನ್ನು ಯಾವೂರಿನವಳು ಎಂದು ವಿಚಾರಿಸುವವರುಂಟೇ? ಈಗ ಅವನು ಅವಳ ಖಾತೆಯ ಪಾಸ್‌ವರ್ಡ್ ಕೊಟ್ಟು, ದಾವಣಗೆರೆಗೆ ಹೋಗಿ ನೆಲೆಸಿದ್ದ.

ಹೋದ ವರ್ಷ ಬಂದ ಹಣದಲ್ಲಿ ಮಗಳು ಬಿಂದುವಿಗೆ ಕೆಂಪು ಸೈಕಲ್ ತಂದಿದ್ದರು. ಗುರುವಾರ ಅದೇ ಸೈಕಲ್ಲಿನಿಂದ ಉಜ್ಜಿನಿ ರಸ್ತೆಯಲ್ಲಿ ಬಿದ್ದವಳು ಇನ್ನೂ ಎಡಗಾಲು ಊರಿರಲಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು "ಮೂಳಿ ಮುರಿದಿಲ್ಲಮ್ಮ, ನಡೀತಾಳ" ಎಂದಿದ್ದರು. ಅವಳು ನಡೆಯುತ್ತಿರಲಿಲ್ಲ. ಒಳಮನೆಯಲ್ಲಿ ಅಜ್ಜಿ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು, ಹುಡುಗಿ ನರಳುವುದು ಹೊರಗೆ ಕೇಳುತ್ತಿತ್ತು.

ಉಜ್ಜಿನಪ್ಪ ಬಳಸುತ್ತಿದ್ದ ತೆರಿಗೆಯ ಸಾಫ್ಟ್‌ವೇರ್ ಹೋದ ವರ್ಷದ ವಿವರಗಳನ್ನೆಲ್ಲ ತಾನೇ ತುಂಬಿಕೊಟ್ಟಿತು. ಸುಕನ್ಯಾ ಓದಿಕೊಂಡು ಮುಂದೆ ಮುಂದೆ ಹೋದಳು. ಒಂದು ಪ್ರಶ್ನೆಯ ಹತ್ತಿರ, ಆಗಲೇ ತುಂಬಿದ್ದ ಉತ್ತರ ಕಂಡು, ಕೈ ನಿಂತಿತು. ನಿಮ್ಮ ಆಶ್ರಯದಲ್ಲಿ ಅಂಗವಿಕಲರು ಇದ್ದಾರೆಯೇ? ಹೌದು. ಸಂಬಂಧ? ಮಗಳು. ತೊಂದರೆ? ನಡೆಯಲಾರಳು.

"ರೀ, ಬರ್ರಿ ಇಲ್ಲಿ!"

ಗೊಬ್ಬರದ ಅಂಗಡಿಗೆ ರಜೆ ಕೊಟ್ಟು ಪೇಪರ್ ಓದುತ್ತಿದ್ದ ಗಂಡ ಅರುಣಕುಮಾರ್ ಬಂದು ನೋಡಿದ. "ಉಜ್ಜಿನಪ್ಪ ಎಲ್ಲಾರಿಗೂ ಹಂಗ ಬರಿತಾನ ತಗೋ. ಮನ್ಯಾಗ ಅಂಗವಿಕಲರು ಇದ್ರ ತೆರಿಗಿ ಕಡಿಮಿ, ಅದಕ್ಕ ದುಡ್ಡು ವಾಪಸ್ ಬರೋದು. ಮುಂದ ಒತ್ತು."

"ನಿಮಗ ಗೊತ್ತಿತ್ತಾ?"

ಅವನು ಪೇಪರನ್ನು ಮಡಚತೊಡಗಿದ.

"ಬಾಯಾಗ ಅಂದ್ರ ಬಿಡ್ತು ಅನ್ನಬೌದು," ಎಂದಳು ಸುಕನ್ಯಾ. "ಇದು ಒಂದು ವರ್ಷದಿಂದ ಬರ್ದಿಟ್ಟೈತಲ್ರೀ." ವಿಜ್ಞಾನ ಎಲ್ಲಿ ಹೋಯಿತೋ, ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

'ಇಲ್ಲ' ಎಂಬಲ್ಲಿ ಒತ್ತಿದಳು. ಕೂಡಲೇ ಒಂದು ಸಣ್ಣ ಚೌಕ ತೆರೆದುಕೊಂಡಿತು. ಹೋದ ವರ್ಷ ಇದ್ದವರು ಈ ವರ್ಷ ಏಕೆ ಇಲ್ಲ? ಕಾರಣ ಆರಿಸಿ. ಗುಣವಾಗಿದೆ. ಮರಣ. ಹೋದ ವರ್ಷ ತಪ್ಪಾಗಿ ತೋರಿಸಲಾಗಿದೆ.

ಮೌಸಿನ ಬಾಣ ನಡುವಿನ ಸಾಲಿನ ಮೇಲೆಯೇ ನಿಂತಿತ್ತು. ಬೆರಳು ಎಲ್ಲಿ ತಗುಲೀತೋ ಎಂದು ಸುಕನ್ಯಾ ಕೆಂಡ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಗುಣ ಆಗೈತಿ ಅಂತ ಒತ್ತು, ಮುಗೀತು," ಎಂದ ಗಂಡ. "ತಪ್ಪು ಅಂತ ಒತ್ತೀಯ ಮತ್ತ! ನೋಟಿಸ್ ಬರ್ತೈತಿ, ನೌಕ್ರಿಗೆ ಕುತ್ತು ಬರ್ತೈತಿ."

ಆ ಹೆದರಿಕೆಯೂ ಸಣ್ಣದಲ್ಲ. ಅವಳದು ಸರ್ಕಾರಿ ನೌಕರಿ, ಮನೆ ನಿಂತಿದ್ದೇ ಅದರ ಮೇಲೆ. ಗುಣವಾಗಿದೆ ಎಂಬ ಮಾತಿಗಿಂತ ಸಿಹಿಯಾದದ್ದು ಅವತ್ತು ಅವಳಿಗೆ ಇನ್ನೊಂದಿರಲಿಲ್ಲ. ಆದರೆ ಗುಣವಾಗಲು ಮೊದಲು ರೋಗ ಇರಬೇಕಲ್ಲ? ಅದನ್ನು ಒತ್ತಿದರೆ ಹೋದ ವರ್ಷದ ಮಾತು ನಿಜವೆಂದು ತಾನೇ ಒಪ್ಪಿಕೊಂಡಂತೆ.

ಒಳಗಿನಿಂದ ಬಿಂದು "ಅವ್ವಾ!" ಎಂದು ಚೀರಿದಳು.

"ನೋಟಿಸ್ ಬರ್ಲಿ," ಎಂದಳು ಸುಕನ್ಯಾ. "ನನ್ನ ಹೆಸರಿಗೆ ಬರ್ತೈತಿ, ಅಕಿ ಹೆಸರಿಗಲ್ಲ." ಬಾಣವನ್ನು ನಡುವಿನ ಸಾಲು ದಾಟಿಸಿ ಮೂರನೆಯದನ್ನು ಒತ್ತಿದಳು. ತೆರಿಗೆ ಬಾಕಿ ಎಂದು ಪರದೆ ಕೆಂಪಾಯಿತು.

ಒಳಗೆ ಹೋಗಿ ಮಗಳ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಊತ ಇಳಿದಿರಲಿಲ್ಲ. "ಬಿಡ್ತು, ಬಿಡ್ತು," ಎಂದು ಪಾದ ಸವರುತ್ತ ಬಡಬಡಿಸಿದಳು.

ನಾಗಲಿಂಗಮ್ಮನ ಎಣ್ಣೆಯ ಕೈ ಅಲ್ಲೇ ನಿಂತಿತು. "ಯಾಕವ್ವಾ? ನನ್ನ ಮೊಮ್ಮಗಳಿಗೆ ಯಾರು ಏನಂದ್ರು?"

ಸುಕನ್ಯಾ ತಲೆ ಎತ್ತಲಿಲ್ಲ. "ನಾವ ಬರ್ದು ಕೊಟ್ಟಿದ್ವಿ ಅತ್ತಿ. ಸಹಿ ನಂದು."